ಲೆಕ್ಕದ ಪುಸ್ತಕ ತೋರಿಸಿ ಎಂದ ಸರ್ಕಾರ: ಇರಾನ್, 1953

ಸೀಮೆಎಣ್ಣೆ ದೀಪ:

ಹೋದ ವಾರ ಗೆಳೆಯರ ಜೊತೆ ಮಾತಾಡುವಾಗ ಒಬ್ಬರು ಹೇಳಿದರು, ಹೊರದೇಶದವರು ಬಂದು ಇನ್ನೊಂದು ದೇಶದ ಸರ್ಕಾರ ಕೆಡವುತ್ತಾರೆ ಅನ್ನೋದೆಲ್ಲ ಕಟ್ಟುಕಥೆ, ಸೋತವರು ಹೇಳಿಕೊಳ್ಳುವ ನೆಪ ಅಂತ. ಅಲ್ಲಿ ಸರಿಯಾಗಿ ಉತ್ತರ ಕೊಡಲು ನನಗೆ ಆಗಲಿಲ್ಲ. ಮನೆಗೆ ಬಂದ ಮೇಲೂ ತಲೆಯಲ್ಲಿ ಅದೇ ಕೊರೆಯುತ್ತಿತ್ತು. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ. ತಪ್ಪಿದ್ದರೆ ತಿದ್ದಿ.

ನಾನು ಹೇಳುವುದು ಇರಾನಿನ ಮೊಸಾದೆಗ್ ಸರ್ಕಾರದ ಕಥೆ. ಇದು ಗುಮಾನಿಯ ಮೇಲೆ ಹೇಳುವ ಮಾತಲ್ಲ. ಕೆಡವಿದವರದೇ ಕಾಗದಪತ್ರ ಇದೆ.

ಮೊದಲು ಎಣ್ಣೆಯ ವಿಷಯ. 1901ರಲ್ಲಿ ಅಲ್ಲಿನ ಶಾ, ಅಂದರೆ ದೊರೆ, ವಿಲಿಯಂ ನಾಕ್ಸ್ ಡಾರ್ಸಿ ಎಂಬ ಇಂಗ್ಲಿಷ್ ಸಾಹುಕಾರನಿಗೆ 60 ವರ್ಷದ ಹಕ್ಕು ಬರೆದುಕೊಟ್ಟ. ಉತ್ತರದ ಐದು ಪ್ರಾಂತ ಬಿಟ್ಟು ಉಳಿದ ಇಡೀ ದೇಶದ ನೆಲದಡಿಯ ಎಣ್ಣೆ. ಅದಕ್ಕೆ ಸಿಕ್ಕಿದ್ದು 20,000 ಪೌಂಡ್ ನಗದು, ಅಷ್ಟೇ ಬೆಲೆಯ ಷೇರು, ಮುಂದೆ ಬರುವ ಲಾಭದಲ್ಲಿ 16 ಪರ್ಸೆಂಟ್. ಡಾರ್ಸಿ ಇರಾನಿಗೆ ಒಂದು ಸಲವೂ ಕಾಲಿಡಲಿಲ್ಲ. 1908ರಲ್ಲಿ ಮಸ್ಜಿದ್ ಸುಲೇಮಾನ್ ಹತ್ತಿರ ಎಣ್ಣೆ ಚಿಮ್ಮಿತು. ಮರು ವರ್ಷ ಕಂಪನಿ ಹುಟ್ಟಿತು. 1914ರಲ್ಲಿ ಬ್ರಿಟಿಷ್ ಸರ್ಕಾರವೇ 22 ಲಕ್ಷ ಪೌಂಡ್ ಕೊಟ್ಟು ಅದರ ಅರ್ಧಕ್ಕಿಂತ ಜಾಸ್ತಿ ಷೇರು ಕೊಂಡಿತು. ಆಗ ನೌಕಾಪಡೆಯ ಮಂತ್ರಿ ಚರ್ಚಿಲ್. ಹಡಗುಗಳು ಕಲ್ಲಿದ್ದಲಿನಿಂದ ಎಣ್ಣೆಗೆ ಬದಲಾಗುತ್ತಿದ್ದವು, ಬ್ರಿಟನ್ನಿನ ನೆಲದಲ್ಲಿ ಎಣ್ಣೆ ಇರಲಿಲ್ಲ. ಅಲ್ಲಿಂದ ಮುಂದೆ ಇದು ಬರೀ ವ್ಯಾಪಾರವಾಗಿ ಉಳಿಯಲಿಲ್ಲ. ಈ ಕಂಪನಿಯೇ ಇವತ್ತಿನ ಬಿಪಿ ಎಂಬ ದೊಡ್ಡ ಎಣ್ಣೆ ಕಂಪನಿ.

ಈಗ 1947ಕ್ಕೆ ಬನ್ನಿ. ಆ ವರ್ಷ ತೆರಿಗೆ ಕಳೆದು ಕಂಪನಿ ತೋರಿಸಿದ ಲಾಭ 4 ಕೋಟಿ ಪೌಂಡ್. ಇರಾನಿನ ಕೈಗೆ ಬಂದದ್ದು 70 ಲಕ್ಷ. ಲಂಡನ್ನಿನ ಖಜಾನೆ ಈ ಕಂಪನಿಯಿಂದ ತೆಗೆದುಕೊಂಡ ತೆರಿಗೆಯೇ ಎಣ್ಣೆಯ ಒಡೆಯರಿಗೆ ಸಿಕ್ಕ ಪಾಲಿಗಿಂತ ಜಾಸ್ತಿ. ಸರಿ, ಲೆಕ್ಕ ತೋರಿಸಿ, ನಮ್ಮ ಪಾಲು ಎಷ್ಟು ಬರಬೇಕು ನೋಡೋಣ ಎಂದು ಇರಾನಿನವರು ಕೇಳಿದರು. ತೋರಿಸುವುದಿಲ್ಲ ಎಂದರು. ನನಗೆ ಇಡೀ ಕಥೆಯಲ್ಲಿ ಎಲ್ಲಕ್ಕಿಂತ ಚುಚ್ಚುವುದು ಇದು. ಜಮೀನು ನಿಮ್ಮದು, ಬೆಳೆ ನಿಮ್ಮದು, ಗೇಣಿಗೆ ಹಿಡಿದವನು ಎಷ್ಟು ಮೂಟೆ ಬಂತು ಅಂತ ಹೇಳಲು ಒಪ್ಪುವುದಿಲ್ಲ ಅಂದರೆ ಹೇಗಿರುತ್ತದೆ?

1950ರ ಡಿಸೆಂಬರಿನಲ್ಲಿ ಪಕ್ಕದ ಸೌದಿಗೆ ಅಮೆರಿಕದ ಕಂಪನಿ ಲಾಭದಲ್ಲಿ ಸಮಪಾಲು ಕೊಟ್ಟಿತು. ಬ್ರಿಟಿಷರು ಆಗಲೂ ಹಟ ಬಿಡಲಿಲ್ಲ. 1951ರ ಮಾರ್ಚಿನಲ್ಲಿ ಮಜ್ಲಿಸ್, ಅಂದರೆ ಅಲ್ಲಿನ ಸಂಸತ್ತು, ಎಣ್ಣೆಯನ್ನು ರಾಷ್ಟ್ರೀಕರಣ ಮಾಡಿತು. ಏಪ್ರಿಲ್ ಕೊನೆಗೆ ಮೊಹಮ್ಮದ್ ಮೊಸಾದೆಗ್ ಪ್ರಧಾನಿಯಾದರು. ಕಂಪನಿಗೆ ಪರಿಹಾರ ಕೊಡಲು ಎಣ್ಣೆಯ ನಿವ್ವಳ ಆದಾಯದಲ್ಲಿ 25 ಪರ್ಸೆಂಟಿನವರೆಗೆ ತೆಗೆದಿಡಬೇಕು ಅಂತ ಕಾನೂನಿನಲ್ಲೇ ಬರೆದಿತ್ತು. ಇಂಗ್ಲಿಷ್ ಎಂಜಿನಿಯರುಗಳು ಕೆಲಸದಲ್ಲಿ ಉಳಿಯಬಹುದು ಅಂತಲೂ ಹೇಳಿದ್ದರು. ಕಿತ್ತುಕೊಂಡು ಓಡಿದ ಕಳ್ಳನಂತೆ ಅವರನ್ನು ತೋರಿಸಿದ್ದು ಸುಳ್ಳು.

ಎರಡು ವರ್ಷ ನಾಲ್ಕು ತಿಂಗಳಿಗೆ ಆ ಸರ್ಕಾರ ಬಿತ್ತು. 1953ರ ಆಗಸ್ಟ್ 19. ಹೇಗೆ ಬಿತ್ತು ಅನ್ನೋದನ್ನು ಮುಂದಿನ ಪೋಸ್ಟಿನಲ್ಲಿ ಬರೆಯುತ್ತೇನೆ. ಅಷ್ಟರಲ್ಲಿ ಗೊತ್ತಿರುವವರು ಸೇರಿಸಿ.

ಹೊಸ ಓದುಗ:

ಇದರ ಬಗ್ಗೆ ನಾನು ಮೊದಲ ಸಲ ಓದುತ್ತಿದ್ದೇನೆ. ಒಂದು ಪ್ರಶ್ನೆ. ಎಣ್ಣೆ ಇವರ ನೆಲದಲ್ಲೇ ಇತ್ತಲ್ಲ, ಕಂಪನಿಯವರು ಹೊರಟುಹೋದ ಮೇಲೆ ಇವರೇ ತೆಗೆದು ಮಾರಬಹುದಿತ್ತಲ್ವಾ? ಅಷ್ಟು ಕಷ್ಟ ಯಾಕಾಯಿತು?

ಸೀಮೆಎಣ್ಣೆ ದೀಪ:

ಒಳ್ಳೆಯ ಪ್ರಶ್ನೆ. ತೆಗೆಯಬಹುದಿತ್ತು, ಮಾರಲು ಬಿಡಲಿಲ್ಲ. 1951ರ ಅಕ್ಟೋಬರ್ 4ರಂದು ಕಂಪನಿಯ ಕೊನೆಯ ಇಂಗ್ಲಿಷ್ ಜನ ಅಬಾದಾನಿನಿಂದ ಮಾರಿಷಸ್ ಎಂಬ ಯುದ್ಧನೌಕೆ ಹತ್ತಿ ಹೊರಟರು. ಆಗ ಜಗತ್ತಿನ ಅತಿ ದೊಡ್ಡ ರಿಫೈನರಿ ಅಬಾದಾನಿನದು. ಅದು ತಣ್ಣಗಾಯಿತು. ಟ್ಯಾಂಕರ್ ಹಡಗುಗಳೆಲ್ಲ ದೊಡ್ಡ ಕಂಪನಿಗಳ ಕೈಯಲ್ಲಿ. ಇರಾನಿನ ಎಣ್ಣೆ ಕೊಂಡರೆ ಕೋರ್ಟಿಗೆ ಎಳೆಯುತ್ತೇವೆ ಅಂತ ಬ್ರಿಟಿಷರು ಎಲ್ಲರಿಗೂ ಎಚ್ಚರಿಕೆ ಕೊಟ್ಟರು. 1952ರಲ್ಲಿ ರೋಸ್ ಮೇರಿ ಎಂಬ ಒಂದು ಹಡಗು ಧೈರ್ಯ ಮಾಡಿ ಎಣ್ಣೆ ತುಂಬಿಕೊಂಡು ಹೊರಟಿತು. ಅದನ್ನು ಏಡನ್ ಬಂದರಿಗೆ ಹೋಗುವಂತೆ ಮಾಡಿ ಅಲ್ಲೇ ಹಿಡಿದಿಟ್ಟರು. ಆಮೇಲೆ ಹೆಚ್ಚು ಜನ ಆ ಕಡೆ ಸುಳಿಯಲಿಲ್ಲ. ಕೊರತೆ ಕಾಣದಂತೆ ಕುವೈತ್, ಸೌದಿ, ಇರಾಕಿನಲ್ಲಿ ಜಾಸ್ತಿ ಎಣ್ಣೆ ತೆಗೆದರು. ಜಗತ್ತಿಗೆ ತೊಂದರೆ ಆಗಲಿಲ್ಲ, ಇರಾನಿನ ಖಜಾನೆ ಮಾತ್ರ ಬರಿದಾಯಿತು.

ಕುಡ್ಲದ ಕಡಲು:

ಕೋರ್ಟು ಅಂದಿರಿ. ಅಲ್ಲಿ ನಮ್ಮ ಊರಿನವರ ಒಂದು ಕಥೆ ಇದೆ, ಜಾಸ್ತಿ ಜನರಿಗೆ ಗೊತ್ತಿಲ್ಲ.

ಬ್ರಿಟನ್ ಈ ಜಗಳವನ್ನು ಎರಡು ಕಡೆ ಒಯ್ದಿತು. ಒಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ, ಇನ್ನೊಂದು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ. 1951ರ ಅಕ್ಟೋಬರಿನಲ್ಲಿ ಭದ್ರತಾ ಮಂಡಳಿಯಲ್ಲಿ ಭಾರತದ ಪರವಾಗಿ ಕೂತಿದ್ದವರು ಬೆನೆಗಲ್ ನರಸಿಂಗ ರಾವ್. ನಮ್ಮ ಸಂವಿಧಾನದ ಮೊದಲ ಕರಡು ಸಿದ್ಧಮಾಡಿದವರು, ಮಂಗಳೂರಿನಲ್ಲಿ ಹುಟ್ಟಿದವರು. ಬ್ರಿಟನ್ ತಂದ ಠರಾವು ಇರಾನಿನ ಮೇಲೆ ತೀರಾ ಬಿಗಿಯಾಗಿತ್ತು. ಅದನ್ನು ಮೆತ್ತಗೆ ಮಾಡುವ ತಿದ್ದುಪಡಿಗಳನ್ನು ಭಾರತ ಮತ್ತು ಯುಗೊಸ್ಲಾವಿಯಾ ಸೇರಿ ಮುಂದಿಟ್ಟವು. ಮೊಸಾದೆಗ್ ತಾವೇ ನ್ಯೂಯಾರ್ಕಿಗೆ ಬಂದು ವಾದ ಮಾಡಿದರು. ಕೊನೆಗೆ ಮಂಡಳಿ ಏನೂ ತೀರ್ಮಾನ ಮಾಡದೆ, ಹೇಗ್‌ನ ನ್ಯಾಯಾಲಯ ತನಗೆ ಈ ಕೇಸು ಕೇಳುವ ಅಧಿಕಾರ ಇದೆಯೋ ಇಲ್ಲವೋ ಹೇಳಲಿ ಅಂತ ವಿಷಯವನ್ನು ಮುಂದೂಡಿತು. ಆ ದಿನದ ಮಟ್ಟಿಗೆ ಅದು ಇರಾನಿನ ಗೆಲುವು.

1952ರಲ್ಲಿ ನರಸಿಂಗ ರಾವ್ ಅದೇ ಹೇಗ್ ನ್ಯಾಯಾಲಯದ ನ್ಯಾಯಾಧೀಶರಾದರು. ಕೇಸು ಅವರ ಮುಂದೆ ಬಂತು. ನಾನು ಭದ್ರತಾ ಮಂಡಳಿಯಲ್ಲಿ ಇದೇ ವಿಷಯದಲ್ಲಿ ಭಾರತದ ಪರವಾಗಿ ಇದ್ದವನು, ಇದರಲ್ಲಿ ಕೂರುವುದು ಸರಿಯಲ್ಲ ಅಂತ ಅವರೇ ಹಿಂದೆ ಸರಿದರು. ಜುಲೈ 22ರಂದು ತೀರ್ಪು ಬಂತು. 9 ಮತ ಒಂದು ಕಡೆ, 5 ಇನ್ನೊಂದು ಕಡೆ. ಇದು ಒಂದು ಸರ್ಕಾರ ಮತ್ತು ಒಂದು ಕಂಪನಿಯ ನಡುವಿನ ಒಪ್ಪಂದ, ಎರಡು ದೇಶಗಳ ನಡುವಿನದಲ್ಲ, ನಮಗೆ ಅಧಿಕಾರ ಇಲ್ಲ ಎಂದಿತು ನ್ಯಾಯಾಲಯ. ಆ 9ರಲ್ಲಿ ಬ್ರಿಟನ್ನಿನ ನ್ಯಾಯಾಧೀಶ ಮೆಕ್‌ನೇರ್ ಕೂಡ ಒಬ್ಬರು. ತಮ್ಮ ದೇಶದ ವಿರುದ್ಧವೇ ಮತ ಹಾಕಿದರು.

ಒಬ್ಬರು ಗೆಲ್ಲಿಸಬಹುದಾಗಿದ್ದ ಕುರ್ಚಿಯಿಂದ ತಾವೇ ಎದ್ದರು, ಇನ್ನೊಬ್ಬರು ಸ್ವಂತ ದೇಶಕ್ಕೆ ಇಲ್ಲ ಎಂದರು. ಕಾನೂನಿನ ದಾರಿಯಲ್ಲಿ ಇರಾನ್ ಗೆದ್ದಿತ್ತು ಅನ್ನೋದನ್ನು ನಾವು ನೆನಪಿಡಬೇಕು. ಕಾನೂನಿನಲ್ಲಿ ಸೋತವರೇ ಕತ್ತಲ ದಾರಿ ಹಿಡಿದದ್ದು.

ಎರಡನೇ ಓದು:

ನಾನು ಸ್ವಲ್ಪ ತಕರಾರು ಮಾಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನನಗೂ ಮೊಸಾದೆಗ್ ಬಗ್ಗೆ ಗೌರವ ಇದೆ. ಆದರೆ ಎಲ್ಲವನ್ನೂ ಹೊರಗಿನವರ ತಲೆಗೆ ಕಟ್ಟಿದರೆ ಇರಾನಿನ ಜನರನ್ನೇ ಗೊಂಬೆ ಮಾಡಿದಂತೆ ಆಗುತ್ತದೆ.

1953ರ ಹೊತ್ತಿಗೆ ಅವರ ಜೊತೆ ಯಾರಿದ್ದರು ನೋಡಿ. ಧರ್ಮಗುರು ಆಯತುಲ್ಲಾ ಕಾಶಾನಿ ಮೊದಲು ಅವರ ದೊಡ್ಡ ಬಲ, ಆಮೇಲೆ ಕಡು ವಿರೋಧಿ. ಮೊಸಾದೆಗ್ ಜೊತೆ ರಾಷ್ಟ್ರೀಯ ರಂಗ ಎಂಬ ರಾಜಕೀಯ ಕೂಟ ಕಟ್ಟಿದ ಮಕ್ಕಿ, ಬಘಾಯಿ ಅಂಥವರೂ ಬಿಟ್ಟುಹೋದರು. ಕಮ್ಯುನಿಸ್ಟರ ತೂದೆ ಪಕ್ಷ ಒಂದು ಕಡೆ ಎಳೆಯುತ್ತಿತ್ತು, ಸೇನೆಯ ಅಧಿಕಾರಿಗಳು ಇನ್ನೊಂದು ಕಡೆ. ಮೊಸಾದೆಗ್ ಸಂಸತ್ತಿನಿಂದ ಆರು ತಿಂಗಳ ವಿಶೇಷ ಅಧಿಕಾರ ಪಡೆದರು, ಆಮೇಲೆ ಅದನ್ನು ಒಂದು ವರ್ಷ ಮುಂದುವರಿಸಿದರು. ಆಗಸ್ಟಿನಲ್ಲಿ ಮಜ್ಲಿಸನ್ನೇ ವಿಸರ್ಜಿಸಲು ಜನಮತ ನಡೆಸಿದರು. ಹೌದು ಎನ್ನುವವರಿಗೆ ಒಂದು ಕಡೆ ಮತಗಟ್ಟೆ, ಇಲ್ಲ ಎನ್ನುವವರಿಗೆ ಬೇರೆ ಕಡೆ. 99 ಪರ್ಸೆಂಟಿಗಿಂತ ಜಾಸ್ತಿ ಹೌದು ಬಂತು. ಇದನ್ನು ಪ್ರಜಾಪ್ರಭುತ್ವ ಅಂತ ಹೇಗೆ ಕರೆಯೋದು? ಮಜ್ಲಿಸ್ ಇಲ್ಲದಿದ್ದಾಗ ಪ್ರಧಾನಿಯನ್ನು ತೆಗೆಯುವ ಅಧಿಕಾರ ಶಾಗೆ ಇತ್ತು ಅಂತ ವಾದ ಮಾಡುವ ಇತಿಹಾಸಕಾರರೂ ಇದ್ದಾರೆ.

ಅಮೆರಿಕನ್ನರು ತಾವೇ ಎಲ್ಲ ಮಾಡಿದೆವು ಅಂತ ಹೇಳಿಕೊಂಡಿದ್ದರಲ್ಲಿ ಜಂಬವೂ ಇದೆ ಅಂತ ನನ್ನ ಅನಿಸಿಕೆ.

ಸೀಮೆಎಣ್ಣೆ ದೀಪ:

ನೀವು ಹೇಳಿದ ಸಂಗತಿಗಳಲ್ಲಿ ಯಾವುದನ್ನೂ ನಾನು ಅಲ್ಲಗಳೆಯುವುದಿಲ್ಲ. ಆ ಜನಮತದ ವಿಷಯ ನನಗೂ ನೋವಿನದೇ. ಅದು ತಪ್ಪು. ಆದರೆ ಆ ಬಿರುಕುಗಳಲ್ಲಿ ಎಷ್ಟು ತಾವಾಗಿ ಬಿಟ್ಟವು, ಎಷ್ಟನ್ನು ಉಳಿ ಹಾಕಿ ಬಿಡಿಸಿದರು? ನಮ್ಮ ವಾದ ಇರುವುದು ಅಲ್ಲಿ. ಈಗ ಬಾಕಿ ಕಥೆ ಹೇಳುತ್ತೇನೆ.

ಬ್ರಿಟಿಷರು ಒಳಗಿಂದ ಸರ್ಕಾರ ಕೆಡವಲು ನೋಡುತ್ತಿದ್ದರು. ಅದು ಗೊತ್ತಾಗಿ ಮೊಸಾದೆಗ್ 1952ರ ಅಕ್ಟೋಬರಿನಲ್ಲಿ ಬ್ರಿಟನ್ ಜೊತೆ ಸಂಬಂಧ ಕಡಿದು ರಾಯಭಾರ ಕಚೇರಿ ಮುಚ್ಚಿಸಿದರು. ಗೂಢಚಾರರಿಗೆ ನಿಲ್ಲಲು ನೆಲೆ ಇಲ್ಲದಾಯಿತು. ನವೆಂಬರಿನಲ್ಲಿ ಬ್ರಿಟನ್ನಿನ ಗೂಢಚಾರ ಸಂಸ್ಥೆ ಎಂಐ6ನ ಮಾಂಟಿ ವುಡ್‌ಹೌಸ್ ವಾಷಿಂಗ್ಟನ್ನಿಗೆ ಹೋದ. ಎಣ್ಣೆಯ ವಿಷಯ ಎತ್ತಿದರೆ ಅಮೆರಿಕ ಕೇಳುವುದಿಲ್ಲ ಅಂತ ಅವನಿಗೆ ಗೊತ್ತಿತ್ತು. ಹಾಗಾಗಿ ಇರಾನ್ ಕಮ್ಯುನಿಸ್ಟರ ಕೈಗೆ ಹೋಗುತ್ತದೆ ಅಂತ ಹೇಳಿದ. ಇದನ್ನು ಅವನೇ ಮುಂದೆ ಬರೆದುಕೊಂಡಿದ್ದಾನೆ. ಅಮೆರಿಕದ ಅಧ್ಯಕ್ಷರಾಗಿ ಟ್ರೂಮನ್ ಇರುವವರೆಗೆ ಕೆಲಸ ಆಗಲಿಲ್ಲ. 1953ರ ಜನವರಿಯಲ್ಲಿ ಐಸೆನ್‌ಹೋವರ್ ಬಂದರು. ವಿದೇಶಾಂಗ ಮಂತ್ರಿ ಜಾನ್ ಫಾಸ್ಟರ್ ಡಲ್ಲೆಸ್, ಸಿಐಎ ಮುಖ್ಯಸ್ಥ ಅವರ ತಮ್ಮ ಆಲೆನ್ ಡಲ್ಲೆಸ್. ಲಂಡನ್ನಿನಲ್ಲಿ ಮತ್ತೆ ಚರ್ಚಿಲ್. 1914ರಲ್ಲಿ ಕಂಪನಿಯ ಷೇರು ಕೊಡಿಸಿದವರೇ.

1953ರ ಏಪ್ರಿಲಿನಲ್ಲಿ ಆಲೆನ್ ಡಲ್ಲೆಸ್ 10 ಲಕ್ಷ ಡಾಲರ್ ಮಂಜೂರು ಮಾಡಿದ. ಮೊಸಾದೆಗ್ ಬೀಳುವಂತೆ ಯಾವ ರೀತಿಯಲ್ಲಾದರೂ ಖರ್ಚು ಮಾಡಬಹುದು ಅಂತ. ಮೇ ತಿಂಗಳಲ್ಲಿ ಮಜ್ಲಿಸ್ ಸದಸ್ಯರನ್ನು ಕೊಳ್ಳಲು ವಾರಕ್ಕೆ 10 ಲಕ್ಷ ರಿಯಾಲ್, ಸುಮಾರು 11,000 ಡಾಲರ್. ಮೊಸಾದೆಗ್ ಮಜ್ಲಿಸನ್ನು ಯಾಕೆ ಮುಚ್ಚಲು ಹೊರಟರು ಅನ್ನೋದಕ್ಕೆ ಇದನ್ನೂ ಸೇರಿಸಿಕೊಂಡು ನೋಡಿ. ಸದಸ್ಯರು ಹಣಕ್ಕೆ ಮಾರಿಕೊಳ್ಳುತ್ತಿದ್ದಾರೆ ಅಂತ ಅವರಿಗೆ ಅನಿಸಿತ್ತು. ಅವರ ಅನುಮಾನ ಸುಳ್ಳಾಗಿರಲಿಲ್ಲ. ಪತ್ರಿಕೆಗಳಿಗೆ ದುಡ್ಡು ಹೋಯಿತು. ಸಿಐಎಯ ಇರಾನಿ ಏಜೆಂಟರು ಕಮ್ಯುನಿಸ್ಟರ ವೇಷದಲ್ಲಿ ಧರ್ಮಗುರುಗಳಿಗೆ ಬೆದರಿಕೆ ಹಾಕಿದರು, ಒಬ್ಬರ ಮನೆಗೆ ಬಾಂಬ್ ಹಾಕಿದಂತೆ ನಾಟಕ ಆಡಿದರು. ಇದೆಲ್ಲ ಆ ಕೆಲಸದ ಯೋಜನೆ ಮಾಡಿದ ಡೊನಾಲ್ಡ್ ವಿಲ್ಬರ್ 1954ರಲ್ಲಿ ಸಿಐಎಗಾಗಿ ಬರೆದ ಗುಪ್ತ ವರದಿಯಲ್ಲೇ ಇದೆ. 2000ದಲ್ಲಿ ಅದು ಪತ್ರಿಕೆಗೆ ಸಿಕ್ಕಿತು.

ಹೊಸ ಓದುಗ:

ಆಗಸ್ಟಿನ ಆ ದಿನಗಳಲ್ಲಿ ನಿಜವಾಗಿ ಏನಾಯಿತು? ಒಂದೇ ದಿನಕ್ಕೆ ಸರ್ಕಾರ ಬಿತ್ತಾ?

ಸೀಮೆಎಣ್ಣೆ ದೀಪ:

ಇಲ್ಲ, ಮೊದಲ ಸಲ ಕೈಕೊಟ್ಟಿತು. ಇದನ್ನು ನಿಧಾನವಾಗಿ ಹೇಳಬೇಕು.

ಸಿಐಎ ಪರವಾಗಿ ಟೆಹರಾನಿನಲ್ಲಿ ಕೂತಿದ್ದವನು ಕರ್ಮಿಟ್ ರೂಸ್‌ವೆಲ್ಟ್, ಹಳೆಯ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟರ ಮೊಮ್ಮಗ. ಶಾ ಹೆದರುಪುಕ್ಕ. ಅವನನ್ನು ಒಪ್ಪಿಸಲು ಅವನ ಅವಳಿ ತಂಗಿ ಅಶ್ರಫಳನ್ನು ಕಳಿಸಿದರು, ಅಮೆರಿಕದ ಜನರಲ್ ಒಬ್ಬರನ್ನು ಕಳಿಸಿದರು, ಕೊನೆಗೆ ರೂಸ್‌ವೆಲ್ಟ್ ತಾನೇ ಹೋದ. ಅಂತೂ ಮೊಸಾದೆಗ್ ವಜಾ, ಜನರಲ್ ಜಾಹೆದಿ ಹೊಸ ಪ್ರಧಾನಿ ಅನ್ನುವ ಫರ್ಮಾನುಗಳಿಗೆ ಶಾ ಸಹಿ ಹಾಕಿದ. ಆಗಸ್ಟ್ 15ರ ರಾತ್ರಿ ಕರ್ನಲ್ ನಸೀರಿ ಅದನ್ನು ಹಿಡಿದು ಮೊಸಾದೆಗ್ ಮನೆಗೆ ಹೋದ. ಸುದ್ದಿ ಮೊದಲೇ ಸೋರಿತ್ತು. ನಸೀರಿಯನ್ನೇ ಹಿಡಿದು ಒಳಗೆ ಹಾಕಿದರು. ಶಾ ವಿಮಾನ ಹತ್ತಿ ಬಾಗ್ದಾದಿಗೆ, ಅಲ್ಲಿಂದ ರೋಮಿಗೆ ಓಡಿದ. ಆಟ ಮುಗಿಯಿತು ಅಂತ ವಾಷಿಂಗ್ಟನ್ನಿನಲ್ಲೂ ಅಂದುಕೊಂಡರು. ರೂಸ್‌ವೆಲ್ಟ್ ಮಾತ್ರ ಹೊರಡಲಿಲ್ಲ.

ಮುಂದಿನ ಎರಡು ದಿನ ಬೀದಿಯಲ್ಲಿ ಗಲಾಟೆ. ತೂದೆ ಪಕ್ಷದವರು ಶಾನ ಪ್ರತಿಮೆ ಕೆಡವಿದರು. ಅವರ ನಡುವೆ ದುಡ್ಡು ಪಡೆದು ಬಂದ ನಕಲಿ ಕಮ್ಯುನಿಸ್ಟರೂ ಇದ್ದರು. ಅಂಗಡಿ ಒಡೆದರು. ಪೇಟೆಯ ಸಾಮಾನ್ಯ ಜನ ಹೆದರಿದರು. 18ರಂದು ಅಮೆರಿಕದ ರಾಯಭಾರಿ ಲಾಯ್ ಹೆಂಡರ್ಸನ್ ಮೊಸಾದೆಗ್ ಹತ್ತಿರ ಹೋಗಿ, ನಮ್ಮ ಜನರಿಗೆ ಇಲ್ಲಿ ರಕ್ಷಣೆ ಇಲ್ಲ ಅಂತ ದೂರಿದ. ಮೊಸಾದೆಗ್ ಪೊಲೀಸರಿಗೆ ಬೀದಿ ಖಾಲಿ ಮಾಡಿಸಿ ಎಂದರು. ತಮ್ಮ ಕಡೆಯವರಿಗೂ ಮನೆಯಲ್ಲಿ ಇರಿ ಎಂದರು. ಅತಿಥಿಗಳಿಗೆ ತೊಂದರೆ ಆಗಬಾರದು ಅನ್ನುವ ಹಳೆಯ ಮರ್ಯಾದೆ ಅದು. ಓದುವಾಗ ನನಗೆ ಕರುಳು ಕಿವುಚಿದಂತೆ ಆಗುತ್ತದೆ. ತಮ್ಮನ್ನು ಕಾಯಬಹುದಾಗಿದ್ದ ಜನರನ್ನು ಅವರೇ ಬೀದಿಯಿಂದ ಕಳಿಸಿಬಿಟ್ಟರು.

ಮರುದಿನ ಬೆಳಿಗ್ಗೆ ದಕ್ಷಿಣ ಟೆಹರಾನಿನ ಗರಡಿ ಮನೆಗಳ ಪೈಲ್ವಾನರು, ಬೀದಿ ದಾದಾಗಳು ಗುಂಪು ಕಟ್ಟಿ ಹೊರಟರು. ಜೊತೆಗೆ ದುಡ್ಡಿಲ್ಲದೆಯೂ ಶಾ ಪರ ಇದ್ದವರು, ಗಲಾಟೆಯಿಂದ ಬೇಸತ್ತವರು. ಸೇನೆಯ ತುಕಡಿಗಳು ಸೇರಿಕೊಂಡವು. ಮಧ್ಯಾಹ್ನ ರೇಡಿಯೋ ಕೇಂದ್ರ ಹೋಯಿತು. ಆಮೇಲೆ ಟ್ಯಾಂಕುಗಳು ಮೊಸಾದೆಗ್ ಮನೆ ಮುಂದೆ ಬಂದವು. ಗಂಟೆಗಟ್ಟಲೆ ಗುಂಡಿನ ಕಾಳಗ. ಆವತ್ತು ಊರಿನಲ್ಲಿ ನೂರಾರು ಜನ ಸತ್ತರು. 70 ದಾಟಿದ ಮುದುಕ ಹಿತ್ತಲ ಗೋಡೆ ಹತ್ತಿ ಪಕ್ಕದ ಮನೆಗೆ ಇಳಿದು ಪಾರಾದರು. ಮರುದಿನ ತಾವೇ ಶರಣಾದರು.

ಎರಡನೇ ಓದು:

"ದುಡ್ಡಿಲ್ಲದೆಯೂ ಶಾ ಪರ ಇದ್ದವರು" ಅಂತ ನೀವೇ ಬರೆದಿದ್ದೀರಿ, ಅದಕ್ಕೆ ಧನ್ಯವಾದ. ನನ್ನ ತಕರಾರು ಇದ್ದದ್ದು ಅಷ್ಟೇ. 15ರ ಯೋಜನೆ ಸಿಐಎಯದು, ಅದು ಸೋತಿತು. 19ರಂದು ಆದದ್ದರಲ್ಲಿ ಇರಾನಿಗಳ ಪಾಲು ದೊಡ್ಡದು. ಆದರೆ ಒಂದು ಒಪ್ಪುತ್ತೇನೆ. ಹೊರಗಿನ ದುಡ್ಡು, ಹೊರಗಿನ ತಳ್ಳು ಇಲ್ಲದಿದ್ದರೆ ಶಾ ಆ ಫರ್ಮಾನಿಗೆ ಸಹಿ ಹಾಕುತ್ತಿರಲಿಲ್ಲ. ಫರ್ಮಾನ್ ಇಲ್ಲದೆ ಜಾಹೆದಿಗೆ ನಿಲ್ಲಲು ಕಾಲಿಲ್ಲ. ಎಣ್ಣೆಯ ದಿಗ್ಬಂಧನ ಇಲ್ಲದಿದ್ದರೆ ಜನರಿಗೆ ಅಷ್ಟು ಬೇಸರವೂ ಬರುತ್ತಿರಲಿಲ್ಲ.

ದುಬೈ ಕನ್ನಡತಿ:

ನಾನು ಇಲ್ಲಿ ಕೆಲಸ ಮಾಡುವ ಕಡೆ ಇರಾನಿನವರು ಇಬ್ಬರು ಮೂವರಿದ್ದಾರೆ. ಮಾರ್ಚಿನಲ್ಲಿ ನೌರೂಜ್ ಹಬ್ಬದ ಹಿಂದಿನ ದಿನ ಅವರಿಗೆ ಒಂದು ರಜೆ. ಅವರ ಕ್ಯಾಲೆಂಡರಿನಲ್ಲಿ ಎಸ್ಫಂದ್ 29. ಅದು ಎಣ್ಣೆ ರಾಷ್ಟ್ರೀಕರಣದ ದಿನ. ಇವತ್ತಿನ ಇರಾನಿನಲ್ಲೂ ಅದು ಸರ್ಕಾರಿ ರಜೆ. ಆಗಸ್ಟ್ 19ಕ್ಕೆ ಅವರು ಹೇಳುವುದು "28 ಮೊರ್ದಾದ್", ನಾವು ಆಗಸ್ಟ್ 15 ಅಂದಹಾಗೆ, ತಾರೀಖೇ ಹೆಸರು. ಆದರೆ ಹೇಳುವಾಗ ದನಿ ಇಳಿಯುತ್ತದೆ.

ನಮ್ಮವರ ಪಾಲನ್ನೂ ಮರೆಯಬಾರದು. ಅಬಾದಾನಿನ ರಿಫೈನರಿಯಲ್ಲಿ ಮೊದಮೊದಲು ಭಾರತದಿಂದ ಹೋದ ಕೆಲಸಗಾರರು ಬಹಳ ಇದ್ದರು. ಇರಾನಿಗಳಿಗಿಂತ ಒಂದು ಮೆಟ್ಟಿಲು ಮೇಲೆ ಇವರನ್ನು, ಇವರಿಗಿಂತ ಎಷ್ಟೋ ಮೇಲೆ ಇಂಗ್ಲಿಷರನ್ನು ಇಟ್ಟಿದ್ದರು. 1922ರಲ್ಲಿ ಭಾರತೀಯರೇ ಮುಷ್ಕರ ಹೂಡಿದಾಗ ಕಂಪನಿ ಅವರನ್ನು ಹಡಗು ಹತ್ತಿಸಿ ವಾಪಸ್ ಕಳಿಸಿತು. ಇರಾನಿ ಕೂಲಿಗಳು ಇದ್ದ ಕೇರಿಗೆ ಕಾಗಜಾಬಾದ್ ಅಂತ ಹೆಸರು, ಕಾಗದದ ಊರು. ತುಕ್ಕು ಹಿಡಿದ ಡ್ರಮ್ಮುಗಳನ್ನು ಬಡಿದು ಚಪ್ಪಟೆ ಮಾಡಿ ಗೋಡೆ. ಬೇಸಿಗೆಯಲ್ಲಿ ಅಲ್ಲಿನ ಬಿಸಿ ಎಂಥದ್ದು ಅಂತ ಈ ಕೊಲ್ಲಿಯಲ್ಲಿ ಇರುವ ನಮಗೆ ಗೊತ್ತು. 1946ರಲ್ಲಿ ಆ ಕಾರ್ಮಿಕರು ಮುಷ್ಕರ ಮಾಡಿದಾಗ ಬ್ರಿಟಿಷರು ಬಸ್ರಾಕ್ಕೆ ತಂದು ನಿಲ್ಲಿಸಿದ್ದು ಭಾರತದ ಸೈನಿಕರನ್ನೇ.

ಕಳಸದವ:

ಎಲ್ಲ ಓದಿದೆ. ನಾನು ಇತಿಹಾಸ ಓದಿದವನಲ್ಲ, ಆದರೆ ಇದರ ಬಾಲ ನಮ್ಮ ಮನೆ ಹತ್ತಿರ ಬಂದು ನಿಂತಿದೆ, ಅದನ್ನು ಹೇಳುತ್ತೇನೆ.

ನಮ್ಮಪ್ಪ ಕುದುರೆಮುಖದ ಗಣಿಯಲ್ಲಿ ಕೆಲಸಕ್ಕಿದ್ದರು. ಆ ಗಣಿ ಶುರುವಾದದ್ದೇ ಇರಾನಿಗಾಗಿ. ಹೊಸಬರಿಗೆ ಇದು ಗೊತ್ತಿಲ್ಲ. 1975ರಲ್ಲಿ ಶಾನ ಸರ್ಕಾರದ ಜೊತೆ ಒಪ್ಪಂದ ಆಯಿತು. ಅಲ್ಲಿ ದೊಡ್ಡ ಉಕ್ಕಿನ ಕಾರ್ಖಾನೆಗಳು ಬರುತ್ತವೆ, ಅದಕ್ಕೆ ನಮ್ಮ ಬೆಟ್ಟದ ಅದಿರು. ಇರಾನ್ 63 ಕೋಟಿ ಡಾಲರ್ ಸಾಲ ಕೊಡುವುದು ಅಂತ ಮಾತು. 1976ರಲ್ಲಿ ಇಲ್ಲಿ ಕಂಪನಿ ಹುಟ್ಟಿತು. ಲಖ್ಯಾ ಹಳ್ಳಕ್ಕೆ ಅಣೆಕಟ್ಟು, ಕಾಡಿನ ನಡುವೆ ಹೊಸ ಊರು, ಅದಿರಿನ ರಾಡಿ ಹರಿಸಲು ಮಂಗಳೂರಿನವರೆಗೆ ಪೈಪು. ಇರಾನ್ ಇಪ್ಪತ್ತೈದೂವರೆ ಕೋಟಿ ಡಾಲರ್ ಕೊಟ್ಟಿತು. ಮುಂದಿನದು ಬರಲಿಲ್ಲ. 1979ರಲ್ಲಿ ಶಾ ಬಿದ್ದ. ಉಳಿದ ಹಣ ನಮ್ಮ ಸರ್ಕಾರವೇ ಹಾಕಿ ಕೆಲಸ ಮುಗಿಸಿತು, ಅದಿರಿಗೆ ಬೇರೆ ಗಿರಾಕಿ ಹುಡುಕಿತು. 2005ರ ಕೊನೆಗೆ ಸುಪ್ರೀಂ ಕೋರ್ಟ್ ಆದೇಶದಿಂದ ಗಣಿ ನಿಂತಿತು.

ಅಪ್ಪ ಯಾವಾಗಲೂ ಹೇಳುತ್ತಿದ್ದರು, ಇದು ಇರಾನಿನವರಿಗೆ ಅಂತ ಅಗೆದ ಬೆಟ್ಟ, ಅವರು ಬರಲೇ ಇಲ್ಲ ಅಂತ. ಶಾ ಯಾರು, ಅವನನ್ನು ಗದ್ದುಗೆ ಮೇಲೆ ಮತ್ತೆ ಕೂರಿಸಿದವರು ಯಾರು ಅನ್ನೋದು ನನಗೆ ಇವತ್ತು ಗೊತ್ತಾಯಿತು. ಒಂದು ಕೇಳಬೇಕು. ಶಾ ಬಂದ ಮೇಲೆ ಆ ಎಣ್ಣೆ ಮತ್ತೆ ಅದೇ ಕಂಪನಿಗೆ ಹೋಯಿತಾ?

ಸೀಮೆಎಣ್ಣೆ ದೀಪ:

ಕುದುರೆಮುಖದ ಈ ಎಳೆ ನನಗೆ ಹೊಳೆದೇ ಇರಲಿಲ್ಲ. ಬರೆದದ್ದಕ್ಕೆ ತುಂಬಾ ಖುಷಿ.

ನಿಮ್ಮ ಪ್ರಶ್ನೆಗೆ ಉತ್ತರ: ಪೂರ್ತಿ ಹೋಗಲಿಲ್ಲ. 1954ರಲ್ಲಿ ಕಂಪನಿಗಳ ಒಂದು ಕೂಟ ಮಾಡಿದರು. ಹಳೆಯ ಬ್ರಿಟಿಷ್ ಕಂಪನಿಗೆ 40 ಪರ್ಸೆಂಟ್. ಅಮೆರಿಕದ ಕಂಪನಿಗಳಿಗೆ 40. ಶೆಲ್‌ಗೆ 14, ಫ್ರೆಂಚ್ ಕಂಪನಿಗೆ 6. ಹೆಸರಿಗೆ ಎಣ್ಣೆ ಇರಾನಿನದೇ, ರಾಷ್ಟ್ರೀಕರಣ ರದ್ದಾಗಲಿಲ್ಲ. ಲಾಭದಲ್ಲಿ ಸಮಪಾಲು ಅಂತಲೂ ಆಯಿತು. ಆದರೆ ಕೂಟ ತನ್ನ ಲೆಕ್ಕದ ಪುಸ್ತಕಗಳನ್ನು ಇರಾನಿನ ಆಡಿಟರುಗಳಿಗೆ ತೋರಿಸುವುದಿಲ್ಲ, ಅದರ ಆಡಳಿತ ಮಂಡಳಿಯಲ್ಲಿ ಇರಾನಿಗಳಿಗೆ ಜಾಗ ಇಲ್ಲ. ಇಷ್ಟು ಜನ ಸತ್ತು, ಒಂದು ಸರ್ಕಾರ ಹೋಗಿ, ಕೇಳಿದ ಮೊದಲ ಪ್ರಶ್ನೆಗೆ ಉತ್ತರ ಮಾತ್ರ ಬರಲಿಲ್ಲ.

ಅಮೆರಿಕಕ್ಕೆ ಮೊದಲು ಏನೂ ಪಾಲಿರಲಿಲ್ಲ, ಕೊನೆಗೆ 40 ಪರ್ಸೆಂಟ್ ಬಂತು. ಕಮ್ಯುನಿಸಂ ಭಯ ಸುಳ್ಳು ಅಂತ ನಾನು ಹೇಳುವುದಿಲ್ಲ, ಆ ಕಾಲದಲ್ಲಿ ಅವರಿಗೆ ಅದು ನಿಜವಾಗಿಯೂ ಇತ್ತು. ಆದರೆ ಈ 40ನ್ನೂ ಪಕ್ಕದಲ್ಲಿ ಇಟ್ಟು ನೋಡಬೇಕು.

ಶಾ ಮುಂದೆ 25 ವರ್ಷ ಆಳಿದ. 1957ರಲ್ಲಿ ಸಾವಾಕ್ ಎಂಬ ಗುಪ್ತ ಪೊಲೀಸ್ ದಳ ಬಂತು. ಮೊಸಾದೆಗ್ ಸರ್ಕಾರದ ವಿದೇಶಾಂಗ ಮಂತ್ರಿ ಹುಸೇನ್ ಫಾತೆಮಿಯನ್ನು 1954ರಲ್ಲಿ ಗುಂಡಿಟ್ಟು ಕೊಂದರು. ಅವರಿಗೆ ಇನ್ನೂ 40 ಆಗಿರಲಿಲ್ಲ.

ಕುಡ್ಲದ ಕಡಲು:

ಒಪ್ಪಿಕೊಂಡದ್ದು ಯಾವಾಗ ಅನ್ನೋದನ್ನೂ ಬರೆಯಿರಿ. ನನಗೆ ನೆನಪಿರುವಷ್ಟು ಹೇಳುತ್ತೇನೆ. 1989ರಲ್ಲಿ ಅಮೆರಿಕದ ವಿದೇಶಾಂಗ ಇಲಾಖೆ ಆ ವರ್ಷಗಳ ದಾಖಲೆಗಳ ಸಂಪುಟ ತಂದಿತು. ಸಿಐಎ ಮಾಡಿದ್ದು ಅದರಲ್ಲಿ ಇರಲೇ ಇಲ್ಲ. ಅವರದೇ ಇತಿಹಾಸಕಾರರು ಇದು ಮೋಸ ಅಂತ ಕೂಗೆಬ್ಬಿಸಿದರು. 1960ರ ದಶಕದ ಶುರುವಿನಲ್ಲೇ ಎಷ್ಟೋ ಕಡತಗಳನ್ನು ಸುಟ್ಟಿದ್ದೇವೆ ಅಂತ ಸಿಐಎ 1997ರಲ್ಲಿ ಹೇಳಿತು. 2000ದಲ್ಲಿ ಆಗಿನ ವಿದೇಶಾಂಗ ಮಂತ್ರಿ ಮ್ಯಾಡೆಲಿನ್ ಆಲ್‌ಬ್ರೈಟ್, 2009ರಲ್ಲಿ ಕೈರೋದಲ್ಲಿ ಒಬಾಮಾ, ಇಬ್ಬರೂ ಅಮೆರಿಕದ ಪಾತ್ರ ಒಪ್ಪಿ ಮಾತಾಡಿದರು. 2013ರ ಆಗಸ್ಟ್ 19ಕ್ಕೆ, ಸರಿಯಾಗಿ 60 ವರ್ಷಕ್ಕೆ, ಸಿಐಎಯ ಸ್ವಂತ ಕಾಗದ ಹೊರಬಂತು. ಈ ಕೆಲಸ ನಡೆದದ್ದು ಸಿಐಎ ನಿರ್ದೇಶನದಲ್ಲಿ, ಅಮೆರಿಕದ ವಿದೇಶಾಂಗ ನೀತಿಯಾಗಿ ಅಂತ ಅದರಲ್ಲಿ ನೇರವಾಗಿ ಬರೆದಿದೆ. ಪೂರ್ತಿ ಸಂಪುಟ ಬಂದದ್ದು 2017ರಲ್ಲಿ. ನಿಮ್ಮ ಗೆಳೆಯರಿಗೆ ಇದನ್ನು ತೋರಿಸಿ.

ದುಬೈ ಕನ್ನಡತಿ:

1979ರ ನವೆಂಬರಿನಲ್ಲಿ ಅಮೆರಿಕದ ರಾಯಭಾರ ಕಚೇರಿಗೆ ವಿದ್ಯಾರ್ಥಿಗಳು ನುಗ್ಗಿ, 52 ಜನರನ್ನು 444 ದಿನ ಕೂಡಿಹಾಕಿದ್ದು ಇದಕ್ಕೇ ಸೇರಿದ ಕಥೆ. ಆಗಷ್ಟೇ ಅಮೆರಿಕ ಶಾನನ್ನು ಚಿಕಿತ್ಸೆಗೆ ಒಳಗೆ ಬಿಟ್ಟಿತ್ತು. 1953ರಲ್ಲೂ ಓಡಿಹೋಗಿ ಆರೇ ದಿನಕ್ಕೆ ವಾಪಸ್ ಬಂದವನು ಅವನು, ಯೋಜನೆ ನಡೆದದ್ದು ಆ ಕಚೇರಿಯಿಂದಲೇ. ಈ ಸಲವೂ ಹಾಗೇ ಆಗುತ್ತದೆ ಅಂತ ಅವರು ನಂಬಿದ್ದರು. ಆ ಒತ್ತೆಯಾಳುಗಳು ಪಟ್ಟ ಪಾಡು ಸರಿ ಅಂತ ನಾನು ಹೇಳುತ್ತಿಲ್ಲ. ಆದರೆ ಅಮೆರಿಕದ ಜನರಿಗೆ ಆ ಸಿಟ್ಟು ಆಕಾಶದಿಂದ ಬಿದ್ದಂತೆ ಕಂಡಿತು. 26 ವರ್ಷದ ಹಿಂದೆ ಏನು ನಡೆದಿತ್ತು ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ಹೊಸ ಓದುಗ:

ಮೊಸಾದೆಗ್ ಕೊನೆಗೆ ಏನಾದರು? ಈಗಿನ ಸರ್ಕಾರ ಅವರನ್ನು ದೊಡ್ಡ ನಾಯಕ ಅಂತ ಪೂಜೆ ಮಾಡುತ್ತಿರಬೇಕಲ್ವಾ?

ಸೀಮೆಎಣ್ಣೆ ದೀಪ:

ಹಾಗೆ ಅಂದುಕೊಳ್ಳುತ್ತೇವೆ, ಆದರೆ ಇಲ್ಲ. ಸೈನಿಕ ನ್ಯಾಯಾಲಯ ಅವರಿಗೆ 3 ವರ್ಷ ಒಂಟಿ ಸೆರೆ ಕೊಟ್ಟಿತು. ಆಮೇಲೆ ಟೆಹರಾನಿನ ಪಶ್ಚಿಮಕ್ಕಿರುವ ಅಹ್ಮದಾಬಾದ್ ಎಂಬ ಹಳ್ಳಿಯ ತಮ್ಮ ಮನೆಯಲ್ಲೇ ಕಾವಲು. ನಮ್ಮ ಗುಜರಾತಿನದಲ್ಲ, ಬೇರೆ. 1967ರ ಮಾರ್ಚ್ 5ರಂದು ಅಲ್ಲಿಂದ ಬಿಡುಗಡೆ ಕಾಣದೆಯೇ ತೀರಿಕೊಂಡರು. 1952ರ ಜುಲೈ 21ರಂದು ತಮ್ಮನ್ನು ಮತ್ತೆ ಪ್ರಧಾನಿ ಮಾಡಲು ಬೀದಿಗಿಳಿದು ಗುಂಡೇಟು ತಿಂದವರ ಪಕ್ಕದಲ್ಲಿ ಮಣ್ಣು ಮಾಡಿ ಅಂತ ಕೇಳಿದ್ದರು. ಶಾ ಬಿಡಲಿಲ್ಲ. ಮನೆಯ ಊಟದ ಕೋಣೆಯ ನೆಲದಲ್ಲೇ ಹೂಳಿದರು.

ಕ್ರಾಂತಿಯಾದ ಮೇಲೆ 1979ರ ಮಾರ್ಚ್ 5ಕ್ಕೆ ಲಕ್ಷಾಂತರ ಜನ ಆ ಹಳ್ಳಿಗೆ ನಡೆದು ಬಂದರು. ಟೆಹರಾನಿನ ಅತಿ ಉದ್ದದ ರಸ್ತೆಗೆ ಶಾ ಮನೆತನದ ಹೆಸರಿತ್ತು. ಅದನ್ನು ತೆಗೆದು ಮೊಸಾದೆಗ್ ಹೆಸರು ಇಟ್ಟರು. ಸ್ವಲ್ಪ ಕಾಲಕ್ಕೆ ಹೊಸ ಆಡಳಿತ ಆ ಹೆಸರನ್ನೂ ತೆಗೆದು ವಲಿ ಅಸ್ರ್ ಅಂತ ಮಾಡಿತು. ಧರ್ಮವನ್ನು ಆಡಳಿತದಿಂದ ದೂರ ಇಟ್ಟ ಮನುಷ್ಯ, ಅವರಿಗೂ ಬೇಕಾಗಿರಲಿಲ್ಲ. ಎಣ್ಣೆಯ ದಿನಕ್ಕೆ ರಜೆ ಇದೆ, ಎಣ್ಣೆ ತಂದುಕೊಟ್ಟವರ ಹೆಸರಿನ ದೊಡ್ಡ ರಸ್ತೆ ಇಲ್ಲ.

ಎರಡನೇ ಓದು:

ಇದನ್ನು ನಾನೂ ಪೂರ್ತಿ ಒಪ್ಪುತ್ತೇನೆ. ಕಾಶಾನಿಯ ಪಾತ್ರದ ಬಗ್ಗೆ ಈಗಿನವರು ಮಾತಾಡಲು ಇಷ್ಟಪಡುವುದಿಲ್ಲ, ಅದಕ್ಕೂ ಕಾರಣ ಇದೇ. 1953ರ ಬಗ್ಗೆ ಹೊರಗಿನವರನ್ನು ಬೈಯುತ್ತಾರೆ, ಒಳಗಿನಿಂದ ಬಾಗಿಲು ತೆಗೆದವರ ಬಗ್ಗೆ ಸುಮ್ಮನಿರುತ್ತಾರೆ. ಕಾಶಾನಿ ಕಡೆಯವರಿಗೂ ಹಣ ಮುಟ್ಟಿತ್ತು ಅಂತ ಕೆಲವರು ಬರೆದಿದ್ದಾರೆ, ಅದರ ಮೇಲೆ ಜಗಳ ಇನ್ನೂ ಮುಗಿದಿಲ್ಲ.

ಕಳಸದವ:

ಸರ್, ಊಟದ ಕೋಣೆಯ ವಿಷಯ ಓದಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ.

ಅಪ್ಪನಿಗೆ ಈಗ ಕಣ್ಣು ಮಂಜು, ಓದಲು ಆಗುವುದಿಲ್ಲ. ನಾಳೆ ಮಳೆ ಬಿಟ್ಟರೆ ಜಗಲಿಯಲ್ಲಿ ಕೂರಿಸಿ ಇದೆಲ್ಲ ಮೊದಲಿಂದ ಓದಿ ಹೇಳುತ್ತೇನೆ. ಇರಾನಿನ ಎಂಜಿನಿಯರುಗಳು ಯಾರಾದರೂ ಕುದುರೆಮುಖಕ್ಕೆ ಬಂದಿದ್ದರಾ, ಅವರು ಮೊಸಾದೆಗ್ ಹೆಸರು ಯಾವಾಗಲಾದರೂ ಎತ್ತಿದ್ದರಾ ಅಂತ ಕೇಳಬೇಕು. ಏನಾದರೂ ನೆನಪಿದ್ದರೆ ಇಲ್ಲೇ ಬರೆಯುತ್ತೇನೆ.